ಅವ್ವ ಓದಿ ಬಂದ ಕಥೆ

ದೇಶಪಾಂಡೆ ನಗರದ ಡಿಟಿಪಿ ಅಂಗಡಿಯೊಂದರಲ್ಲಿ ನಾನು ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲು ಟೈಪು ಮಾಡುತ್ತಿದ್ದೆ. ಯಾವ ಕನ್ನಡ ಸಾಫ್ಟ್‌ವೇರ್ ಹಾಕಿಸಬೇಕೆಂದು ಆರಿಸುವ ಕೆಲಸವನ್ನು ಮಾಲೀಕರು ನನಗೇ ಒಪ್ಪಿಸಿದ್ದರು, ಅದರ ಸೊಕ್ಕು ಸ್ವಲ್ಪ ಇತ್ತು. ಒಂದರಲ್ಲಿ ಒತ್ತಕ್ಷರ ಬಲು ಚೆಂದ. ಇನ್ನೊಂದು ಅಷ್ಟು ಚೆಂದವಿಲ್ಲ, ಆದರೆ ಅದಿದ್ದರೆ ಇಂಟರ್ನೆಟ್ಟಿನ ಕನ್ನಡವೂ ಓದಲು ಬರುತ್ತದೆ. ವಾರಗಟ್ಟಲೆ ಹಾಕಿ, ತೆಗೆದು, ಬೈದು, ಎರಡನೆಯದನ್ನೇ ಆರಿಸಿದೆ. ಅದರ ಪುಣ್ಯದಿಂದ ಊಟದ ಹೊತ್ತಿನಲ್ಲಿ ಒಂದು ಧಾರಾವಾಹಿ ಸಿಕ್ಕಿತು. ಹೆಸರು ಹೇಳದ ಯಾರೋ ಎರಡು ಮೂರು ದಿನಕ್ಕೊಂದು ಕಂತು ಬರೆದು ಹಾಕುತ್ತಿದ್ದರು. ಒಬ್ಬ ಹೆಂಗಸು ಚೀಲ ಹಿಡಿದು, ಗುರುತಿನವರಿಲ್ಲದ ಸಣ್ಣ ಸ್ಟೇಷನ್ನಿನಲ್ಲಿ ಒಬ್ಬಳೇ ಇಳಿಯುತ್ತಾಳೆ. ಅಲ್ಲಿಯವರೆಗೆ ಓದಿದ್ದೆ, ಅಷ್ಟರಲ್ಲಿ ನಾನು ಮಂಚ ಹಿಡಿದೆ.

ಬಸುರಾಗಿದ್ದೆ. ಹಿಂದಿನ ವರ್ಷ ಒಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು, ಇದೂ ಹೋದೀತೆಂಬ ಭಯ ಊಟ ನಿದ್ದೆಯಲ್ಲೆಲ್ಲ ಬೆರೆತಿತ್ತು. ಗಂಡನ ಮನೆಯವರು ಹೊಸ ಸ್ಕ್ಯಾನಿಂಗ್ ಮಷೀನಿರುವ ದೊಡ್ಡ ಆಸ್ಪತ್ರೆ ಅಂದರು. ಅವ್ವ ತನಗೆ ಗೊತ್ತಿದ್ದ ಹಿರಿಯ ಲೇಡಿ ಡಾಕ್ಟರ ಸಣ್ಣ ಆಸ್ಪತ್ರೆ ಅಂದಳು. ಎರಡೂ ಕಡೆ ಹೋಗಿ ಬಂದೆ. ಸಾಫ್ಟ್‌ವೇರ್ ಸರಿಬರದಿದ್ದರೆ ತೆಗೆದು ಇನ್ನೊಂದು ಹಾಕಬಹುದು, ಇಲ್ಲಿ ಹಾಗಿಲ್ಲವಲ್ಲ ಎಂದು ಯಾವುದನ್ನೂ ಆರಿಸದೆ ಮುಂದೂಡುತ್ತಿದ್ದೆ. ಹಿರಿಯ ಡಾಕ್ಟರು ನನ್ನ ಕೈ ಹಿಡಿದುಕೊಂಡು, “ಹೋದ ಸಲದ್ದು ನಿಮ್ಮ ತಪ್ಪಲ್ಲ ತಂಗಿ. ಈ ಸಲ ಮಂಚ ಬಿಟ್ಟು ಇಳೀಬ್ಯಾಡ್ರಿ, ಅಷ್ಟ ಮಾಡ್ರಿ” ಅಂದರು. ಆ ಮಾತಿಗೇ ಅವರನ್ನು ಆರಿಸಿದೆ.

ಹಾಗೆ ಗೋಪನಕೊಪ್ಪದ ತವರುಮನೆಯಲ್ಲಿ ತಿಂಗಳುಗಟ್ಟಲೆ ಮಲಗಿದೆ. ಮೇಲೆ ಫ್ಯಾನು ನಿಧಾನವಾಗಿ ತಿರುಗುತ್ತಿತ್ತು. ಮಧ್ಯಾಹ್ನವೋ ಸಂಜೆಯೋ ತಿಳಿಯುತ್ತಿರಲಿಲ್ಲ. ಜೊಂಪಿನಲ್ಲಿ ಆ ಸ್ಟೇಷನ್ನಿನ ಹೆಂಗಸು ಚೀಲ ಹಿಡಿದು ನಿಂತೇ ಇರುತ್ತಿದ್ದಳು. ಒಂದು ದಿನ ತಡೆಯಲಾರದೆ ಕೇಳಿದೆ. “ಯವ್ವಾ, ಮೂಲಿ ಮ್ಯಾಲಿನ ಸೈಬರ್ ಕೆಫೆಗೆ ಹೋಗಿ ಆ ಕಥಿ ಓದ್ಕೊಂಡು ಬಂದು ಹೇಳ್ತಿ ಏನ?”

ವಾರಪತ್ರಿಕೆಯ ಕಥೆ ಬಿಟ್ಟರೆ ಬೇರೆ ಓದು ಅರಿಯದ ಅವ್ವ, ಇಸ್ತ್ರಿ ಮಾಡಿದ ಸೀರೆಯುಟ್ಟು, ನಾನು ವಿಳಾಸ ಬರೆದುಕೊಟ್ಟ ಚೀಟಿ ಹಿಡಿದು ಹೊರಟಳು. ಅರ್ಧ ತಾಸಿಗೆ ಬಂದು, ಮುಖ ತೊಳೆದು, ಮಂಚದ ಅಂಚಿಗೆ ಕುಳಿತು ಹೇಳತೊಡಗಿದಳು. ಅಲ್ಲಿಂದ ಹೊಸ ಕಂತು ಬರುವ ದಿನವೆಲ್ಲ ಅದೇ ರೂಢಿಯಾಯಿತು.

ಆ ಹೆಂಗಸು ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಮನೆ ಹಿಡಿದಳು. ಅವಳೂ ಬಸುರಿ.

“ಬಸುರಿ ಅಂತ ಮೊದಲಿಗೆ ಬರದಿದ್ದಿಲ್ಲಲ್ಲ?”

“ಈಗ ಗೊತ್ತಾತು” ಅಂದಳು ಅವ್ವ.

ಬಿಸಿ ರೊಟ್ಟಿ, ಎಣ್ಣೆಗಾಯಿ, ಹೆಸರುಬೇಳೆ ಪಾಯಸ, ಕಂತಿಗೊಂದು ಊಟ ಇದ್ದೇ ಇರುತ್ತಿತ್ತು. ಬರೆಯುವವರಿಗೆ ಹಸಿವು ಬಹಳವೆಂದು ನಾನು ನಗುತ್ತಿದ್ದೆ. ಹಿಂದಿನ ಸಲ ಕೂಸು ಹೋದ ತಿಂಗಳು ಬಂತು. ಆ ತಿಂಗಳಿಡೀ ಕಥೆಯಲ್ಲಿ ಏನೂ ನಡೆಯಲಿಲ್ಲ. ಅವಳು ಮಲ್ಲಿಗೆ ಕಟ್ಟಿದಳು, ಮಲಗಿದಳು, ಎದ್ದಳು, ಮತ್ತೆ ಮಲಗಿದಳು. ಅವ್ವನ ದನಿ ಕೇಳುತ್ತ ಕೇಳುತ್ತ ನನಗೂ ನಿದ್ದೆ ಹತ್ತುತ್ತಿತ್ತು. ಕನಸಿನಲ್ಲಿ ಮಲ್ಲಿಗೆ ಕಟ್ಟುವವಳು ಅವಳೋ ನಾನೋ ಗೊತ್ತಾಗುತ್ತಿರಲಿಲ್ಲ. ಆ ತಿಂಗಳು ದಾಟಿತು.

“ಆಕಿ ಹಡಿಯೋದು ಯಾವಾಗ?” ಅಂದರೆ, “ಅವ್ರು ಇನ್ನೂ ಬರದಿಲ್ಲ” ಎನ್ನುತ್ತಿದ್ದಳು ಅವ್ವ. ನಾನು ಹಡೆದ ಮೇಲೆಯೇ ಅವಳೂ ಹಡೆದಳು. ನನಗೆ ಮಗಳು, ಅವಳಿಗೂ ಮಗಳು. ಬಾಣಂತಿ ಕೋಣೆಯಲ್ಲಿ ಮಲಗಿ ಇಬ್ಬರಿಗೂ ಖುಷಿಪಟ್ಟೆ.

ಕೂಸು ಕೂರಲು ಕಲಿತ ಮೇಲೆ ಅದನ್ನು ಅವ್ವನ ಹತ್ತಿರ ಬಿಟ್ಟು ಮತ್ತೆ ಅಂಗಡಿಗೆ ಹೋದೆ. ಮೊದಲ ದಿನವೇ, ಊಟದ ಹೊತ್ತಿನಲ್ಲಿ, ಆ ಕಥೆ ತೆರೆದು ಕುಳಿತೆ. ಸ್ಟೇಷನ್ನಿನಲ್ಲಿ ಇಳಿದವಳು ಅಪ್ಪನ ಆಸ್ತಿಗಾಗಿ ಅಣ್ಣನ ಮೇಲೆ ಕೇಸು ಹಾಕಲು ಬಂದಿದ್ದಳು. ಕೋರ್ಟು, ವಕೀಲರು, ಜಗಳ. ಕೊನೆಯವರೆಗೂ ಓದಿದೆ. ಬಸುರಿಯೂ ಇಲ್ಲ, ಮಲ್ಲಿಗೆಯೂ ಇಲ್ಲ, ಯಾರೂ ಒಂದು ರೊಟ್ಟಿ ಸಹ ತಿನ್ನುವುದಿಲ್ಲ.

ಸಂಜೆ ಮನೆಗೆ ಬಂದಾಗ ಮಗಳು ಅವ್ವನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದಳು.

“ಯವ್ವಾ, ನೀ ಅಲ್ಲೆ ಓದಿದ್ದು ಯಾವ ಕಥಿ?”

ಅವ್ವ ತಡವರಿಸಲೂ ಇಲ್ಲ. “ಅಲ್ಲೆ ಅಕ್ಷರ ಎಲ್ಲಿದ್ದವು? ಬರೇ ಡಬ್ಬಿ ಡಬ್ಬಿ ಮೂಡತಿದ್ದವು. ಕೆಫೆಯವರು, ಈ ಮಷೀನಿಗೆ ಕನ್ನಡ ಬರಂಗಿಲ್ಲರಿ ಅಂದ್ರು.”

ಊರಿಗೆಲ್ಲ ಕನ್ನಡ ಸಾಫ್ಟ್‌ವೇರ್ ಬಗ್ಗೆ ಹೇಳುತ್ತಿದ್ದ ನನಗೆ ಇದು ಒಮ್ಮೆಯಾದರೂ ಹೊಳೆದಿರಲಿಲ್ಲ. ನಗು ಬಂತು.

“ಮತ್ತ ಮೊದಲನೇ ದಿನಾನ ಹೇಳೋದಲ್ಲ? ಪ್ರತಿ ಸಲ ಅಲ್ಲಿ ತನಕಾ ಯಾಕ ಹೋಗತಿದ್ದಿ? ಕಥಿ ಇಲ್ಲೇ ಕುಂತು ಕಟ್ಟಬಹುದಿತ್ತು.”

ಅವ್ವ ಕೂಸಿಗೆ ಹೊದಿಸಿದ್ದ ದುಪಟಿ ಸರಿಮಾಡಿದಳು. “ಅಲ್ಲೆ ಒಬ್ಬೊಬ್ಬರಿಗೆ ಒಂದೊಂದು ಪಡದೆ ಕಟ್ಟಿದ್ರು. ಒಳಗ ಕುಂತರ ಯಾರೂ ನೋಡತಿದ್ದಿಲ್ಲ. ಅರ್ಧ ತಾಸು ಅತ್ತು ಬರತಿದ್ದೆ. ಮನ್ಯಾಗ ನಿನ್ನ ಮುಂದ ಅಳಾಕ ಬರತಿತ್ತೇನು?”

“ಅಷ್ಟು ಅಂಜಿದ್ದಿ ಏನವ್ವಾ?” ಅಂದೆ, ದನಿ ಏರಿತ್ತು.

“ಸಣ್ಣಗ ಮಾತಾಡು, ಕೂಸು ಎದ್ದೀತು.”

ನಾನು ಹಿತ್ತಲಿಗೆ ಹೋಗಿ, ಬಾಗಿಲು ಎಳೆದುಕೊಂಡು ಅತ್ತೆ.