ವ್ಯಾನಿಗೆ ಹಿಡಿಸದ ಚಾವಣಿ

ಮಗಳ ಶಾಲೆಯ ಪ್ರದರ್ಶನಕ್ಕೆ ವಿಕ್ಟೋರಿಯಾ ರಾಣಿಯ ಕಾಲದ ಮನೆಯ ಮಾದರಿಯೊಂದನ್ನು ಮಾಡಿ ತರಬೇಕೆಂದು ಹೇಳಿ ಕಳಿಸಿದ್ದರು. ತೊಂಬತ್ತರ ದಶಕದ ನಡುವಿನ ಮಾತು. ದೋಹಾದ ಮುಂತಜಾ ಬಡಾವಣೆಯಲ್ಲಿ ನಮ್ಮ ಫ್ಲ್ಯಾಟು. ನನಗೋ ಒಳಗೊಳಗೇ ಹಿಗ್ಗು. ಲೆಕ್ಕ, ವಿಜ್ಞಾನ ಎಲ್ಲ ಅವಳ ಅಪ್ಪನ ಪಾಲು. ಅಮ್ಮನಿಗೂ ಒಂದು ವಿಷಯ ಗೊತ್ತು ಎಂದು ಅವಳಿಗೆ ಇದರಲ್ಲಾದರೂ ತಿಳಿಯಲಿ ಎನಿಸಿತು. ಮೈಸೂರಿನಲ್ಲಿ ನಾನು ಓದಿದ ಕಾನ್ವೆಂಟು ಆ ಕಾಲದ್ದೇ ಕಟ್ಟಡ. ಕೆಂಪು ಇಟ್ಟಿಗೆ, ಕೈಮುಗಿದಂತೆ ತುದಿ ಚೂಪಾದ ಕಿಟಕಿಗಳು, ಸೂರಿನಂಚಿಗೆ ಲೇಸಿನಂತೆ ಕೊರೆದ ಮರ. ಹೊಲಿಗೆ ತರಗತಿಯಲ್ಲಿ ಬಣ್ಣದ ಗಾಜಿನ ಬೆಳಕು ಕರವಸ್ತ್ರದ ಮೇಲೆ ಬಿದ್ದರೆ ಯಾವ ದಾರ ಯಾವ ಬಣ್ಣವೆಂದೇ ತಿಳಿಯುತ್ತಿರಲಿಲ್ಲ.

“ಮೊದಲು ನೀನೇ ಬರಿ, ನೋಡೋಣ” ಎಂದೆ. ಅವಳು ಬರೆದ ಮನೆಯ ಪ್ರತಿ ಕಿಟಕಿಯಲ್ಲೂ ಏಸಿ, ಮೇಲೆ ನೀರಿನ ಟ್ಯಾಂಕು.

“ಆಗ ಏಸಿ ಎಲ್ಲಿತ್ತೇ?”

“ಮತ್ತೆ ವಿಂಡೋ ಯಾಕಮ್ಮ?”

ಅವಳ ತಪ್ಪೇನು? ನಮ್ಮ ಕಿಟಕಿಗಳನ್ನು ಏಸಿಯೇ ತುಂಬಿಕೊಂಡಿತ್ತು. ಉಳಿದ ಗಾಜಿಗೆ ಬಿಸಿಲು ತಡೆಯಲು ನಾವೇ ಬೆಳ್ಳಿಹಾಳೆ ಅಂಟಿಸಿದ್ದೆವು.

ವಾರವಿಡೀ ಕೂತು ನಾನೇ ಮಾಡಿದೆ. ಫ್ರಿಜ್ಜಿನ ಜೊತೆ ಬಂದ ಥರ್ಮೋಕೋಲಿನ ಗೋಡೆ, ಚಾಕಲೇಟು ಸುತ್ತಿ ಬಂದ ಬಣ್ಣದ ಹಾಳೆಯ ಗಾಜು, ಉಗುರು ಕತ್ತರಿಯಲ್ಲಿ ಕೊರೆದ ಸೂರಿನ ಲೇಸು, ಹೊರಕ್ಕೆ ಚಾಚಿದ ಮೂರು ಮುಖದ ಕಿಟಕಿ, ಕಡಿದಾದ ಚಾವಣಿ, ಎರಡು ಚಿಮಣಿ. ಮಗಳು ಒಂದು ಕಣ್ಣನ್ನು ಟೀವಿಯ ಮೇಲಿಟ್ಟು ಗೋಂದು ಎತ್ತಿಕೊಟ್ಟಳು.

ಶುಕ್ರವಾರ ರಜೆ. ಮಧ್ಯಾಹ್ನದ ನಿದ್ದೆ ಮುಗಿಸಿದ ಯಜಮಾನರು ಸ್ಕೇಲು ಹಿಡಿದು ಬಂದರು. ಸಿವಿಲ್ ಇಂಜಿನಿಯರು, ಸುಮ್ಮನಿರಲು ಕೈ ಕೇಳುವುದಿಲ್ಲ.

“ಇಷ್ಟು ಸ್ಲೋಪ್ ಯಾಕೆ? ಇಲ್ಲೇನು ಮಳೆ ಬರತ್ತಾ?”

“ಇದು ದೋಹಾ ಅಲ್ಲರೀ, ಲಂಡನ್ನು.”

“ಈ ಕುಸುರಿಯೆಲ್ಲ ವೇಸ್ಟು ಕಣೇ. ಒಂದು ಸ್ಲ್ಯಾಬ್ ಹಾಕು, ಖಲಾಸ್.”

ನಾನು ಕಾಫಿ ಬೆರೆಸಿ ತರುವಷ್ಟರಲ್ಲಿ ಮೂರು ಮುಖದ ಕಿಟಕಿ ಗೋಡೆಗೆ ಸಮನಾಗಿ ಕೂತಿತ್ತು. “ಚಾವಣಿ ಮಾತ್ರ ಮುಟ್ಟಬೇಡಿ” ಎಂದೆ. ನನ್ನ ದನಿ ನನಗೇ ಹೊಸದೆನಿಸಿತು.

“ಆಯ್ತು ಮೇಡಂ, ನಿಮ್ಮ ಟೋಪಿ ನಿಮಗೇ” ಎಂದು ನಕ್ಕರು.

ಶನಿವಾರ ಬೆಳಿಗ್ಗೆ ಶಾಲೆಯ ವ್ಯಾನಿನ ಬಾಗಿಲಿಗೆ ಚಿಮಣಿ ತಾಗಿತು. ಓರೆ ಮಾಡಿದರೂ ಇಲ್ಲ, ಬಗ್ಗಿಸಿದರೂ ಇಲ್ಲ. ಒಳಗೆ ಮಕ್ಕಳ ನಗು, ಡ್ರೈವರನ “ಯಲ್ಲಾ, ಯಲ್ಲಾ!” ಎಂಬ ಅವಸರ. ಆಫೀಸಿಗೆ ಹೊರಟಿದ್ದ ಇವರು ಬಂದು, ಪಾತ್ರೆಯ ಮುಚ್ಚಳ ತೆಗೆದಂತೆ ಚಾವಣಿಯನ್ನು ಎತ್ತಿ ನನ್ನ ಕೈಗಿತ್ತರು. “ಅದಕ್ಕೇ ಸ್ಲ್ಯಾಬ್ ಹಾಕು ಅಂದಿದ್ದು.”

ವ್ಯಾನು ಹೋಯಿತು, ಇವರ ಕಾರೂ ಹೋಯಿತು. ಶಾಲೆಗೆ ಒಯ್ದು ಕೊಡೋಣವೆಂದರೆ ಒಬ್ಬಳೇ ಟ್ಯಾಕ್ಸಿ ಹತ್ತುವ ರೂಢಿ ನನಗಿರಲಿಲ್ಲ. ನೈಟಿಯ ಮೇಲೆ ದುಪಟ್ಟಾ ಹೊದ್ದು, ಲಂಡನ್ನಿನ ಚಾವಣಿ ಹಿಡಿದು, ಮುಂತಜಾದ ಬೀದಿಯಲ್ಲಿ ನಿಂತೇ ಇದ್ದೆ. ವಾಚ್‌ಮನ್ ಬೇರೆ ಕಡೆ ನೋಡಿದ.

ಮಧ್ಯಾಹ್ನ ಮಗಳು ಕುಣಿಯುತ್ತ ಬಂದಳು. “ಅಮ್ಮ, ವಿಂಡೋಸ್ ತುಂಬಾ ಬ್ಯೂಟಿಫುಲ್ ಅಂದ್ರು ಟೀಚರ್! ಯಾರು ಮಾಡಿದ್ದು ಅಂತ ಕೇಳಿದ್ರು.”

“ನೀನೇನಂದೆ?”

“ಪಪ್ಪ ಅಂದೆ. ಪಪ್ಪ ತಾನೇ ಇಂಜಿನಿಯರ್?”

“ಕಿಟಕಿ ನಾನು ಮಾಡಿದ್ದು. ನಾಳೆ ಹೋಗಿ ಟೀಚರಿಗೆ ಹೇಳು.”

“ನಾಳೆ ಮ್ಯಾಥ್ಸ್ ಟೆಸ್ಟ್ ಅಮ್ಮ” ಎಂದವಳೇ, ಅಪ್ಪನಿಗೆ ಸುದ್ದಿ ಹೇಳಲು ಫೋನಿನತ್ತ ಓಡಿದಳು.