ಬುಧವಾರದ ಮನೆಯ ‘ನಕೋ’

ನಮ್ಮ ಧಾರವಾಡದ ಕಡೆ ಊಟಕ್ಕೆ ಕೂತವರು ‘ಬ್ಯಾಡ’ ಅಂದರೆ ಬೇಡ ಎಂದು ಅರ್ಥವಲ್ಲ. ಗೊತ್ತಿಲ್ಲದವರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲನೆಯ ‘ಬ್ಯಾಡ್ರಿ’ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೆಯದಕ್ಕೆ ನಮ್ಮವ್ವ ಉಣ್ಣುವವರ ಮುಖ ನೋಡುತ್ತಿದ್ದಳು. ಎರಡೂ ಕೈ ಎಲೆಗೆ ಅಡ್ಡ ಹಿಡಿದು, ಮೈ ಬಾಗಿಸಿ, ‘ಖರೇನ ಸಾಕ್ರಿ’ ಅಂದರೆ ಮಾತ್ರ ಹೊಟ್ಟೆ ತುಂಬಿದೆ ಎಂದು ಒಪ್ಪುತ್ತಿದ್ದಳು. ಆಗಲೂ ಬೆರಳ ಸಂದಿಯಲ್ಲಿ ಒಂದು ಹೋಳಿಗೆ ಜಾರಿಸಿಯೇ ಒಳಗೆ ಹೋಗುತ್ತಿದ್ದಳು. ‘ಒಲ್ಲೆ’ ಅನ್ನುವುದು ಬೇರೆ ಮಾತು. ‘ಬ್ಯಾಡ’ ಅಂದರೆ ಆ ಪದಾರ್ಥ ಬೇಡ. ‘ಒಲ್ಲೆ’ ಅಂದರೆ ನನಗೆ ಮನಸ್ಸಿಲ್ಲ. ಸಿಟ್ಟು ಬಂದ ಮಕ್ಕಳು ಆಡುವ ಮಾತು ಅದು. ಅನ್ನದ ಮುಂದೆ ಕೂತು ಹಾಗಂದರೆ ಅವ್ವನಿಂದ ತಲೆಗೊಂದು ಮೊಟಕು ಬೀಳುತ್ತಿತ್ತು.

ಈ ವಿದ್ಯೆಯನ್ನೆಲ್ಲ ಕಲಿತುಕೊಂಡು ನಾನು ಹದಿನೆಂಟನೆಯ ವಯಸ್ಸಿಗೆ ಕಾಲೇಜು ಓದಲು ಪುಣೆಗೆ ಬಂದೆ. ಇನ್ನೂ ಇಂಗ್ಲಿಷರ ರಾಜ್ಯ. ಅಪ್ಪ ತೀರಿಹೋಗಿದ್ದ, ವಾರಾನ್ನವೇ ಗತಿ. ದಿನಕ್ಕೊಂದು ಮನೆ, ದಿನಕ್ಕೊಂದೇ ಊಟ. ನಮ್ಮೂರಿನ ಒಬ್ಬ ಗುಮಾಸ್ತರು ನಾರಾಯಣ ಪೇಠೆಯ ಸುತ್ತ ಅಲೆದು ಏಳು ಮನೆ ಗೊತ್ತು ಮಾಡಿಕೊಟ್ಟರು. ಬುಧವಾರದ್ದು ಒಬ್ಬ ನಿವೃತ್ತ ಶಾಲಾ ಮಾಸ್ತರರ ಮನೆ. ವಾಡೆಯ ಹಿಂದಿನ ಅಂಗಳದಲ್ಲಿ ಎರಡು ಖೋಲಿ. ಅವರ ಹೆಂಡತಿಯನ್ನು ಎಲ್ಲರ ಹಾಗೆ ನಾನೂ ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಮಾತು ಕಡಿಮೆ, ಇದ್ದದ್ದು ಖಡಕ್ಕು.

ಮೊದಲ ಬುಧವಾರ ಕಾಕು ಎರಡು ಪೋಳಿ ಬಡಿಸಿದರು. ತೆಳ್ಳಗಿನ, ಪದರು ಬಿಡುವ ಗೋದಿ ಪೋಳಿ. ಅವು ಎಲ್ಲಿ ಹೋದವೋ ತಿಳಿಯಲಿಲ್ಲ. “ಅಜೂನ ವಾಢೂ?” ಅಂದರು, ಇನ್ನೂ ಬಡಿಸಲೇ ಎಂದು. ಆಗ ನನಗೆ ಬರುತ್ತಿದ್ದ ಮರಾಠಿಯಲ್ಲಿ ಹೆಚ್ಚು ಗಟ್ಟಿಯಾಗಿದ್ದ ಮಾತು ‘ನಕೋ’, ಅಂದರೆ ಬೇಡ. ತಲೆ ತಗ್ಗಿಸಿ ನಯವಾಗಿ ಅದನ್ನೇ ಅಂದೆ, ಎರಡನೆಯ ಸಲ ಕೇಳಲಿ ಎಂದು ಕಾದೆ. ಕಾದೆ, ಕಾದೆ. ತಲೆಯೆತ್ತಿ ನೋಡಿದರೆ ಪೋಳಿಯ ಡಬ್ಬಿ ಒಳಗೆ ಹೋಗಿ ಮುಚ್ಚಳ ಹಾಕಿಕೊಂಡಿತ್ತು.

ಏಳೂ ಮನೆಯಲ್ಲಿ ಇದೇ ಕಥೆ. ಒಮ್ಮೆ ಕೇಳುವರು, ನಾನು ‘ನಕೋ’ ಅನ್ನುವೆ, ಮುಗಿಯಿತು. ನನಗೋ ಮೂಗಿನ ತುದಿಯಲ್ಲಿ ಸಿಟ್ಟು. ಎಂಥ ಜಿಪುಣ ಜನ, ಬಾಯಿಮಾತಿಗೆ ಕೇಳಿ ಕೈ ತೊಳೆದುಕೊಳ್ಳುತ್ತಾರೆ ಎಂದು ಬೈದುಕೊಂಡು ನೀರು ಕುಡಿದು ಮಲಗುತ್ತಿದ್ದೆ. ಎರಡು ತಿಂಗಳಿಗೆ ಅಂಗಿ ಮೈಮೇಲೆ ಜೋತಾಡತೊಡಗಿತು. ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ. ಈ ಕಾಲೇಜೂ ಸಾಕು, ಈ ಊರೂ ಸಾಕು, ಶನಿವಾರದ ಗಾಡಿಗೆ ಊರಿಗೆ ಹೋಗಿಬಿಡುವುದೇ ಎಂದು ಟ್ರಂಕು ತುಂಬಿ ಇಟ್ಟೆ.

ಆ ವಾರದ ಬುಧವಾರ ಊಟ ಮುಗಿಸಿ ಅಂಗಳದ ನಲ್ಲಿಯಲ್ಲಿ ಕೈ ತೊಳೆಯುವಾಗ ಕಣ್ಣು ಕತ್ತಲೆ ಬಂದು ಕಲ್ಲಿನ ಮೇಲೆ ಕುಸಿದೆ. ಕಾಕು ಓಡಿಬಂದು ಮುಖಕ್ಕೆ ನೀರು ಹೊಡೆದರು. ಅವರ ಮರಾಠಿಯನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ:

“ಈಗರೆ ಉಂಡೀಯಲ್ಲೋ, ಹೊಟ್ಟಿ ತುಂಬಲಿಲ್ಲೇನು?”

“ಇಲ್ಲ.”

“ಮತ್ತ ನಕೋ ಅಂದಿ?”

“ಇನ್ನೊಮ್ಮೆ ಕೇಳ್ತೀರಿ ಅಂದ್ಕೊಂಡಿದ್ದೆ.”

ಕಾಕು ನನ್ನನ್ನೇ ದಿಟ್ಟಿಸಿದರು. ಆಮೇಲೆ ಸಿಟ್ಟೆಂದರೆ ಸಿಟ್ಟು. “ನಕೋ ಅಂದವರನ್ನ ತಿರುಗಿ ಕೇಳಿದ್ರ ಏನಾತು? ನೀ ಮೊದಲ ಹೇಳಿದ್ದು ಸುಳ್ಳು ಅಂದಂಗಾತು. ಉಣಲಿಕ್ಕೆ ಬಂದ ಹುಡುಗನಿಗೆ ಸುಳ್ಳ ಅನ್ನಲೇನು ನಾನು? ಎರಡು ತಿಂಗಳು ನನ್ನ ಮನ್ಯಾಗ ಹಸದು ಎದ್ದು ಹೋಗೀದಿ. ಈ ಪಾಪ ಯಾರಿಗೆ ಹತ್ತತದ?”

ನಾನು ಜಿಪುಣತನ ಅಂದುಕೊಂಡದ್ದು ಅವರ ಮರ್ಯಾದೆಯಾಗಿತ್ತು. ನನ್ನ ಮಾತಿಗೆ ಅಷ್ಟು ಬೆಲೆ ನಮ್ಮ ಮನೆಯಲ್ಲೂ ಯಾರೂ ಕೊಟ್ಟಿರಲಿಲ್ಲ.

ಕಾಕು ರಟ್ಟೆ ಹಿಡಿದು ಎಬ್ಬಿಸಿ ಮತ್ತೆ ಮಣೆಯ ಮೇಲೆ ಕೂರಿಸಿದರು. ಪೋಳಿಯ ಡಬ್ಬಿ ಎದುರಿಗಿಟ್ಟು, “ಹವಂ ಅನ್ನು,” ಅಂದರು. ಹವಂ ಅಂದರೆ ಬೇಕು. ಆ ಮಾತು ಬಾಯಿಂದ ಹೊರಡಲೊಲ್ಲದು. ಇನ್ನೊಬ್ಬರ ಮನೆಯಲ್ಲಿ ಕೂತು ‘ಬೇಕು’ ಎಂದು ಜನ್ಮದಲ್ಲಿ ಅಂದವನಲ್ಲ ನಾನು. ಒಳಗಿನ ಖೋಲಿಯಿಂದ ಮಾಸ್ತರರು, “ಅನ್ನಪ್ಪಾ, ಇಲ್ಲಂದ್ರ ಆಕಿ ನನ್ನನ್ನೂ ಉಣಗೊಡೂದಿಲ್ಲ,” ಅಂದರು. ಕಣ್ಣು ಮುಚ್ಚಿ ‘ಹವಂ’ ಅಂದೆ. ಅವತ್ತು ಆರು ಪೋಳಿ ತಿಂದೆ. ಪ್ರತಿಯೊಂದಕ್ಕೂ ‘ಹವಂ’ ಅನ್ನಿಸಿಯೇ ಬಡಿಸಿದರು. ರಾತ್ರಿ ಟ್ರಂಕಿನಿಂದ ಪುಸ್ತಕ ಹೊರಗೆ ತೆಗೆದೆ.

ಉಳಿದ ಆರು ಮನೆಯಲ್ಲೂ ‘ಹವಂ’ ನಡೆಯಿತು. ಒಬ್ಬರೂ ಮುಖ ಗಂಟಿಕ್ಕಲಿಲ್ಲ. ಯಾರನ್ನು ಮನಸ್ಸಿನಲ್ಲಿ ಬೈದಿದ್ದೆನೋ ಅವರೆಲ್ಲರ ಅನ್ನದಿಂದಲೇ ನಾನು ನಾಲ್ಕಕ್ಷರ ಕಲಿತೆ. ಬೈದದ್ದು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕೊನೆಯ ವರ್ಷದ ಮಳೆಗಾಲದಲ್ಲಿ ಮಾಸ್ತರರು ಹಾಸಿಗೆ ಹಿಡಿದರು. ಬುಧವಾರದ ತಾಟಿನಲ್ಲಿ ಮೊದಲು ತುಪ್ಪ ಹೋಯಿತು, ಆಮೇಲೆ ಭಾಜಿ ಹೋಯಿತು. ಪೋಳಿ ಮಾತ್ರ ಬರುತ್ತಿತ್ತು. ಒಂದು ದಿನ ಉಂಡು ಹೊರಟವನು ಮರೆತ ಪುಸ್ತಕಕ್ಕೆಂದು ತಿರುಗಿ ಬಂದೆ. ಕಾಕು ಊಟಕ್ಕೆ ಕೂತಿದ್ದರು. ತಾಟಿನಲ್ಲಿ ನಿನ್ನೆಯ ಒಣ ಜೋಳದ ಭಾಕರಿ, ನೀರು ಮಜ್ಜಿಗೆ. ಡಬ್ಬಿ ಬಾಯಿ ತೆರೆದು ಬಿದ್ದಿತ್ತು, ಒಂದು ತುಣುಕು ಪೋಳಿ ಇರಲಿಲ್ಲ. ನಾನು ಸದ್ದು ಮಾಡದೆ ಪುಸ್ತಕ ಬಿಟ್ಟು ನಡೆದೆ.

ಇನ್ನು ಆ ಮನೆಯಲ್ಲಿ ಉಣ್ಣುವುದು ಹೇಗೆ? ಬಿಡುವುದೂ ಸುಲಭವಿರಲಿಲ್ಲ. ಸೋಮವಾರದ ಮನೆಯವರು ಆಗಲೇ ಸಾಸವಡಕ್ಕೆ ಹೊರಟುಹೋಗಿ ಆ ದಿನ ಉಪವಾಸವೇ ಆಗಿತ್ತು. ಬುಧವಾರವೂ ಹೋದರೆ ಪರೀಕ್ಷೆಯವರೆಗೆ ಮೈ ತಾಳುವುದು ಅನುಮಾನ. ಹಾಳಾಗಲಿ, ಕಾಕುವಿನ ಪಾಲಿನದು ತಿಂದು ಪಾಸಾಗುವುದು ಬೇಡ ಎಂದು ನಿಶ್ಚಯ ಮಾಡಿದೆ. ಕಾಕು ಕಲಿಸಿದ ಹಾಗೆ ಒಂದೇ ಸಲ, ಗಟ್ಟಿಯಾಗಿ ಹೇಳಬೇಕು. ಒಮ್ಮೆ ‘ನಕೋ’ ಅಂದರೆ ಅವರು ಎರಡನೆಯ ಮಾತು ಆಡುವವರಲ್ಲ. ವಾರವೆಲ್ಲ ಆ ವಾಕ್ಯವನ್ನು ಬಾಯಿಪಾಠ ಮಾಡಿದೆ.

ಮುಂದಿನ ಬುಧವಾರ ಎರಡು ಪೋಳಿಗೆ ನಿಲ್ಲಿಸಿದೆ. ಕೈ ತೊಳೆದು ಹೊಸ್ತಿಲಲ್ಲಿ ನಿಂತು ಅಂದೆ: “ಕಾಕು, ಪುಢಚ್ಯಾ ಬುಧವಾರಪಾಸೂನ ನಕೋ.” ಮುಂದಿನ ಬುಧವಾರದಿಂದ ಬೇಡ. ಒಂದು ಅಕ್ಷರ ತಪ್ಪಲಿಲ್ಲ, ದನಿಯೂ ನಡುಗಲಿಲ್ಲ.

ಕಾಕು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದವರು ನಿಲ್ಲಿಸಿದರು. ಮೂರನೆಯ ‘ಬ್ಯಾಡ’ಕ್ಕೆ ನಮ್ಮವ್ವ ನೋಡುತ್ತಿದ್ದಳಲ್ಲ, ಹಾಗೆ ನನ್ನ ಮುಖ ನೋಡಿದರು. ಆಮೇಲೆ ಗೋಡೆಯ ಮಾಡದಲ್ಲಿಟ್ಟಿದ್ದ ನನ್ನ ಪುಸ್ತಕವನ್ನು ತಂದು ಕೈಗೆ ಕೊಟ್ಟರು.

“ಮೂರು ವರ್ಷಾತು, ನಿನ್ನ ಮರಾಠಿ ಇನ್ನೂ ಕಚ್ಚಾ ಅದ,” ಅಂದರು. “ಏನಂದೀಯೋ ತಿಳೀಲಿಲ್ಲ. ಬುಧವಾರ ಬಾ.”

ಬುಧವಾರ ಹೋದೆ. ಎರಡು ಪೋಳಿ ಆದ ಮೇಲೆ ಕೇಳಿದರು. ‘ಹವಂ’ ಅಂದೆ.