ಕೊನೆಯ ಪಾಯಿಂಟ್ ನೋಡದ ಆಂಟಿ

ಫ್ರಿಜ್ಜಿನ ಮರೆಯಲ್ಲಿ ಒಂದು ಭುಜ, ಒಂದು ಕಿವಿ, ಸೌಟು ಹಿಡಿದ ಒಂದು ಕೈ. ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ನಲ್ಲಿರುವ ಆ ಮನೆಗೆ ಹೋದ ಮೊದಲ ಸಂಜೆ ಆಂಟಿ ನನಗೆ ಕಂಡದ್ದು ಅಷ್ಟೇ. ಹಾಲ್‌ನ ಟಿವಿಯಲ್ಲಿ ಟೆನಿಸ್ ನಡೆಯುತ್ತಿತ್ತು. "ಮುಗೀತಾ? ಯಾರು ಗೆದ್ರು?" ಎಂದು ಅಲ್ಲಿಂದಲೇ ಕೇಳಿದರು. ಮುಗಿಯಿತು ಎಂದು ನಾನು ಹೇಳಿದ ಮೇಲೆಯೇ ಹೊರಗೆ ಬಂದು, ಆಗಲೇ ಆಗಿಹೋದ ಪಾಯಿಂಟನ್ನು ರಿಪ್ಲೇಯಲ್ಲಿ ಕಣ್ಣರಳಿಸಿ ನೋಡಿದರು.

ನಾನಾಗ ಸಿಡ್ನಿಯಲ್ಲಿ ಓದುತ್ತಿದ್ದೆ. ಪೆಂಡಲ್ ಹಿಲ್‌ನಲ್ಲಿ ಗೆಳತಿಯರ ಜೊತೆ ಬಾಡಿಗೆ ಮನೆ. ಜನವರಿಯ ರಜೆಗೆ ಟೆನಿಸ್ ಟೂರ್ನಿ ನೋಡಲು, ಹಾಗೆಯೇ ಊರು ಸುತ್ತಲು ಹೊರಟಾಗ ಅಮ್ಮ ತನ್ನ ಮೈಸೂರಿನ ಗೆಳತಿಯಾದ ಈ ಆಂಟಿಯ ಮನೆಯಲ್ಲಿ ಉಳಿಯಲು ಏರ್ಪಾಡು ಮಾಡಿದ್ದಳು. ಆಂಟಿ ಮೆಲ್ಬರ್ನ್‌ನ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮಗಳು ಪರ್ತ್‌ನಲ್ಲಿ. ಅಂಕಲ್ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು.

ಮರುದಿನ ಅವರೇ ನನ್ನನ್ನು ಊರು ತೋರಿಸಲು ಕರೆದುಕೊಂಡು ಹೋದರು. ಟ್ರಾಮ್ ಹತ್ತಿಸಿದರು, ಬ್ರೈಟನ್ ಬೀಚಿನ ಬಣ್ಣಬಣ್ಣದ ಪುಟ್ಟ ಮರದ ಮನೆಗಳ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಯಾರಾ ನದಿಯ ನೀರು ಯಾಕಿಷ್ಟು ಕಂದು ಎಂದು ನಾನು ಕೇಳಿದ್ದಕ್ಕೆ, "ನಿಮ್ ಸಿಡ್ನಿಯೋರಿಗೆ ನೀಲಿ ನೀರಿದೆ ಅಂತ ಜಂಬ" ಎಂದರು. ಆದರೂ ಅವರಿಗೇ ಸಂಶಯ ಬಂದು, ದಡದಲ್ಲಿ ದೋಣಿ ಒರೆಸುತ್ತಿದ್ದವನನ್ನು ಹೋಗಿ ವಿಚಾರಿಸಿದರು. ಮಣ್ಣಿನ ಬಣ್ಣವಂತೆ.

ನನ್ನ ತಲೆಯಲ್ಲಿ ಮಾತ್ರ ಫ್ರಿಜ್ಜಿನ ವಿಷಯವೇ ಕೊರೆಯುತ್ತಿತ್ತು. ಕೇಳಿಯೇಬಿಟ್ಟೆ.

ಅವರು ನಕ್ಕರು. ಮದುವೆಯಾದ ಹೊಸದರಲ್ಲಿ ಅಂಕಲ್ ಕ್ರಿಕೆಟ್ ನೋಡುತ್ತಿದ್ದಾಗ ಆಂಟಿ ಕಾಫಿ ತಂದು ನಿಂತರಂತೆ, ಆ ಕ್ಷಣವೇ ವಿಕೆಟ್ ಬಿತ್ತಂತೆ. "ನೀನು ನೋಡಿದ್ರೆ ಸೋಲ್ತಾರೆ ಕಣೇ, ಒಳಗೆ ಹೋಗು ಅಂದ್ರು. ತಮಾಷೆಗೇ ಅಂದಿದ್ದು. ಆಮೇಲೆ ಅವ್ರು ಹೇಳೋ ಮುಂಚೆ ನಾನೇ ಎದ್ದು ಹೋಗ್ತಿದ್ದೆ."

"ಗಣಿತದ ಮೇಡಂಗೆ ಇದೆಂಥ ಲೆಕ್ಕ ಆಂಟಿ?"

"ಲೆಕ್ಕ ನಂಗೂ ಗೊತ್ತು. ಕಾಲು ಕೇಳಲ್ಲ."

ಇಷ್ಟು ವರ್ಷ ಈ ಊರಲ್ಲಿದ್ದೂ ಅವರು ಒಮ್ಮೆಯೂ ಕ್ರೀಡಾಂಗಣಕ್ಕೆ ಹೋಗಿ ಆಟ ನೋಡಿರಲಿಲ್ಲ. ನಾನು ಪಟ್ಟು ಹಿಡಿದು ಹೊರಡಿಸಿದೆ. ಕೊನೆಯಲ್ಲಿ ಎದ್ದು ಹೋಗುತ್ತೇನೆ, ತಡೆಯಬಾರದು ಎಂದು ಷರತ್ತು ಹಾಕಿದರು. ದೊಡ್ಡ ಹ್ಯಾಟು, ಚೂಡಿದಾರ್, ಚೀಲದಲ್ಲಿ ಪುಳಿಯೋಗರೆ.

ಚಿಕ್ಕ ಕೋರ್ಟೊಂದರಲ್ಲಿ ನಾವಿಬ್ಬರೂ ಹೆಸರೇ ಕೇಳಿರದ ಎಡಗೈ ಹುಡುಗಿಯೊಬ್ಬಳು ಆಡುತ್ತಿದ್ದಳು. ಆಂಟಿಗೆ ಅವಳು ಕಂಡ ಕೂಡಲೇ ಹಿಡಿಸಿಬಿಟ್ಟಳು. ಮೊದಲ ಸೆಟ್ ಸೋತಳು, ಎರಡನೆಯದನ್ನು ಗೆದ್ದಳು, ಮೂರನೆಯದು ಎಳೆದುಕೊಂಡೇ ಹೋಯಿತು. ಕೊನೆಗೆ ಅವಳಿಗೆ ಮ್ಯಾಚ್ ಪಾಯಿಂಟ್ ಬಂತು, ಇನ್ನೊಂದು ಪಾಯಿಂಟ್ ಸಿಕ್ಕರೆ ಗೆಲುವು. ಆಂಟಿ ಚೀಲ ಎತ್ತಿಕೊಂಡು ನಡೆದೇಬಿಟ್ಟರು.

ಮೆಟ್ಟಿಲ ಬಳಿ ನಿಂತಿದ್ದ ಸಿಬ್ಬಂದಿಯ ಹೆಂಗಸು ಅಂಗೈ ಅಡ್ಡ ಹಿಡಿದಳು. ಗೇಮ್ ನಡೆಯುವಾಗ ಯಾರೂ ಓಡಾಡುವಂತಿಲ್ಲ. ಆಂಟಿ ಬೇಡಿಕೊಂಡರು, ಆಕೆ ನಗುತ್ತಲೇ ಕೂರಿಸಿದಳು. ವಾಪಸ್ಸು ಬಂದು ಕೂತು, ಮುಖ ಮುಚ್ಚಿಕೊಳ್ಳಲು ದುಪಟ್ಟಾ ಎತ್ತಿದರು. ಕೈ ಅರ್ಧಕ್ಕೇ ನಿಂತಿತು.

"ನೋಡ್ಬಿಡಿ ಆಂಟಿ" ಎಂದೆ.

ನೋಡಿದರು. ಹುಡುಗಿ ಸರ್ವ್ ಮಾಡಿದಳು, ಚೆಂಡು ಬಹಳ ಹೊತ್ತು ಅತ್ತಿತ್ತ ಹೋಗಿ ಬಂತು, ಎದುರಿನವಳ ಹೊಡೆತ ಬಲೆಗೆ ಬಿತ್ತು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಆಂಟಿ ಕೂತೇ ಇದ್ದರು.

"ನಾನು ನೋಡ್ತಾನೇ ಇದ್ದೆ" ಎಂದರು. "ಆದ್ರೂ ಗೆದ್ಲು."

ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರು ಅಳುತ್ತಿದ್ದರು. ಸ್ಟೇಷನ್ನಿನ ಕಡೆಗೆ ಸೇತುವೆ ದಾಟುವಾಗ ತಾವೇ ಹೇಳಿದರು.

"ಅಂಕಲ್‌ಗೆ ಆಸ್ಪತ್ರೇಲಿ ತುಂಬಾ ಸೀರಿಯಸ್ ಆಯ್ತು. ಇವತ್ತೊಂದು ದಿನ ದಾಟಿದ್ರೆ ಉಳ್ಕೋತಾರೆ ಅಂದ್ರು ಡಾಕ್ಟ್ರು. ನಾನು ಕಾರಿಡಾರ್‌ಗೆ ಹೋಗಿ ನಿಂತ್ಕೊಂಡೆ. ನಾನು ನೋಡದೇ ಇದ್ರೆ ಗೆಲ್ತಾರೆ ಅಂತ." ಸೇತುವೆಯ ಕಂಬಿ ಹಿಡಿದು ನಿಂತರು. "ಅವ್ರು ಕೊನೇ ತನಕ ಬಾಗಿಲ ಕಡೇನೇ ನೋಡ್ತಿದ್ರಂತೆ ಕಣೇ. ನರ್ಸ್ ಆಮೇಲೆ ಹೇಳಿದ್ಲು."

ನಾನು ಅವರ ಕೈ ಹಿಡಿದುಕೊಂಡು ನಡೆದೆ.

ಆಮೇಲಿನ ಜನವರಿಗಳಲ್ಲೂ ಹೋದೆವು. ಅವರು ಕೊನೆಯ ಪಾಯಿಂಟಿಗೆ ಏಳಲಿಲ್ಲ. ಅವರ ಮೆಚ್ಚಿನವರು ಕೆಲವು ಸಲ ಸೋತರು, ಆಗೆಲ್ಲ ನನ್ನನ್ನೇ ಬೈದರು.

ಹೋದ ವರ್ಷ ಆಂಟಿ ಆಸ್ಪತ್ರೆ ಸೇರಿದರು. ಪರ್ತ್‌ನಿಂದ ಮಗಳ ವಿಮಾನ ಇನ್ನೂ ಬಂದಿರಲಿಲ್ಲ. ಸಿಡ್ನಿಯಿಂದ ನಾನೇ ಮೊದಲು ತಲುಪಿದೆ. ಇನ್ನು ಹೆಚ್ಚು ಹೊತ್ತಿಲ್ಲ, ಕಷ್ಟವಾದರೆ ಹೊರಗೆ ಕೂತಿರಬಹುದು ಎಂದು ನರ್ಸ್ ಮೆಲ್ಲಗೆ ಹೇಳಿದಳು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡೆ. ಅವರು ಕಣ್ಣು ಬಿಟ್ಟಾಗಲೆಲ್ಲ ನಾನು ಅವರನ್ನೇ ನೋಡುತ್ತಿದ್ದೆ.